ಕಬ್ಬಿಣದ ಬೆಟ್ಟದ ಕೆಳಗೆ ನಿದ್ದೆಗೆಟ್ಟ ಕಾಲುಗಳು

ಈ ಸಂಚಿಕೆಯನ್ನ ನೀವು ರಾತ್ರಿ ಹಾಸಿಗೆ ಮೇಲೆ ಮಲಗಿ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ ಒಂದು ಪ್ರಶ್ನೆ. ನಿಮ್ಮ ಕಾಲು ಈಗ ಸುಮ್ಮನಿದೆಯಾ?

ಬಹಳ ಜನಕ್ಕೆ ಇದೆಂಥ ಪ್ರಶ್ನೆ ಅನ್ನಿಸಬಹುದು. ಕೆಲವರಿಗೆ ಮಾತ್ರ ತಟ್ಟನೆ ಅರ್ಥ ಆಗುತ್ತೆ. ದಿನವೆಲ್ಲ ಚೆನ್ನಾಗಿದ್ದ ಕಾಲು, ಸಂಜೆ ಕಳೆದು ಮೈ ಚೆಲ್ಲಿದ ಮೇಲೆ ಒಳಗೊಳಗೇ ಏನೋ ಶುರು ಮಾಡುತ್ತೆ. ನೋವು ಅನ್ನೋ ಹಾಗಿಲ್ಲ. ತುರಿಕೆ ಅಲ್ಲ, ಜೋಮು ಹಿಡಿದಿದ್ದೂ ಅಲ್ಲ. ಮೀನಖಂಡದ ಆಳದಲ್ಲಿ, ಕೈಗೆ ಸಿಗದ ಜಾಗದಲ್ಲಿ ಏನೋ ಹರಿದಾಡಿದ ಹಾಗೆ. ಕಾಲು ಅಲ್ಲಾಡಿಸಿದ್ರೆ ಒಂದು ಗಳಿಗೆ ಹಾಯ್ ಅನ್ನಿಸುತ್ತೆ. ನಿಲ್ಲಿಸಿದ್ರೆ ಮತ್ತೆ ಬರುತ್ತೆ. ಎದ್ದು ನಡೆದಾಡಿದ್ರೆ ಹೋಗುತ್ತೆ, ಬಂದು ಮಲಗಿದ್ರೆ ಮತ್ತೆ ಹಾಜರು. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವಾಗ, ಬರ್ತ್ ಇದ್ದೂ ಮಲಗದೆ ಬೋಗಿಯ ಉದ್ದಕ್ಕೂ ಓಡಾಡೋ ಒಬ್ಬರು ಸಿಗ್ತಾರಲ್ಲ, ಅವರಿಗೆಲ್ಲ ಟೆನ್ಶನ್ನೇ ಇರಬೇಕು ಅಂತ ತಿಳ್ಕೋಬೇಡಿ.

ಇದಕ್ಕೆ ವೈದ್ಯರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅಂತಾರೆ. ಚಡಪಡಿಸುವ ಕಾಲಿನ ತೊಂದರೆ ಅನ್ನೋಣ. ಗುರುತು ಹಿಡಿಯೋಕೆ ಸ್ಕ್ಯಾನ್ ಬೇಕಿಲ್ಲ, ನಾಲ್ಕು ಮಾತು ಸಾಕು. ಕಾಲು ಅಲ್ಲಾಡಿಸಲೇಬೇಕು ಅನ್ನೋ ಒತ್ತಾಯ, ಕೂತಾಗ ಮಲಗಿದಾಗ ಅದು ಜಾಸ್ತಿ, ಓಡಾಡಿದಾಗ ಕಡಿಮೆ, ಸಂಜೆ ಮತ್ತು ರಾತ್ರಿ ಇನ್ನೂ ಹೆಚ್ಚು. ಮೀನಖಂಡ ಗಂಟು ಕಟ್ಟಿಕೊಂಡು ಕಲ್ಲಾಗುತ್ತಲ್ಲ, ಆ ಸೆಳೆತ ಬೇರೆ. ಕುರ್ಚಿ ಮೇಲೆ ಕೂತು ಅಭ್ಯಾಸಬಲದಿಂದ ಕಾಲು ಕುಣಿಸೋದೂ ಬೇರೆ. ಆದ್ರೆ ನಮ್ಮ ಮನೆಗಳಲ್ಲಿ ಎಲ್ಲಕ್ಕೂ ಒಂದೇ ಬೈಗುಳ: "ಕಾಲು ಅಲ್ಲಾಡಿಸಬೇಡ, ಲಕ್ಷ್ಮಿ ನಿಲ್ಲಲ್ಲ." ಹೀಗೆ ಬೈಸಿಕೊಂಡು ಬೆಳೆದವರು ರಾತ್ರಿ ಕಾಲಿನ ಕಾಟವನ್ನ ಬಾಯಿ ಬಿಟ್ಟು ಹೇಳೋಕೆ ಹಿಂಜರಿಯೋದ್ರಲ್ಲಿ ಆಶ್ಚರ್ಯ ಏನಿದೆ?

ನಾನು ಬೆಳೆದದ್ದು ದೋಣಿಮಲೈ ಟೌನ್‌ಶಿಪ್‌ನಲ್ಲಿ, ಸಂಡೂರು ತಾಲ್ಲೂಕು. ಗೊತ್ತಿಲ್ಲದವರಿಗೆ ಹೇಳ್ತೀನಿ: 1958ರಲ್ಲಿ ಶುರುವಾದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ, ಅಂದ್ರೆ ಎನ್‌ಎಂಡಿಸಿ, ಇಲ್ಲಿನ ಬೆಟ್ಟದಲ್ಲಿ 1977ರಿಂದ ಕಬ್ಬಿಣದ ಅದಿರು ತೆಗೀತಾ ಇದೆ. ಊರೇ ಗಣಿಗಾಗಿ ಹುಟ್ಟಿದ್ದು. ಒಳ್ಳೆ ಅದಿರಾದ್ರೆ ಅದರ ತೂಕದಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಕಬ್ಬಿಣವೇ. ಮಳೆಗಾಲದಲ್ಲಿ ಹರಿಯೋ ನೀರು ಕೆಂಪು, ಬೇಸಿಗೆಯಲ್ಲಿ ಏಳೋ ಧೂಳು ಕೆಂಪು, ಒಗೆದು ಹಾಕಿದ ಬಿಳಿ ಅಂಗಿ ಒಂದು ತಿಂಗಳಲ್ಲಿ ಬಿಳಿಯಾಗಿ ಉಳಿಯಲ್ಲ. ಗಣಿಯಲ್ಲಿ ಶಿಫ್ಟ್ ಕೆಲಸ. ಹಾಗಾಗಿ ನಮ್ಮ ಕಾಲೊನಿಯಲ್ಲಿ ರಾತ್ರಿ ಎರಡು ಗಂಟೆಗೆ ಲೈಟ್ ಉರಿಯೋದು ಯಾರಿಗೂ ವಿಶೇಷ ಅಲ್ಲ. ಅಪ್ಪ ನೈಟ್ ಶಿಫ್ಟ್‌ಗೆ ಹೋದಾಗಲೂ ಲೈಟ್ ಇರ್ತಿತ್ತು, ಮನೇಲಿದ್ದಾಗಲೂ ಇರ್ತಿತ್ತು. ಎದ್ದಿರ್ತಿದ್ದವಳು ಅಮ್ಮ.

"ಕಾಲಾಗ ಇರಿವಿ ಹರಿದಂಗ ಆಗ್ತೈತಿ" ಅನ್ನೋಳು. ಪಡಸಾಲೆಯಿಂದ ಹಿತ್ತಲ ಬಾಗಿಲಿಗೆ, ಅಲ್ಲಿಂದ ಪಡಸಾಲೆಗೆ. ಬಚ್ಚಲಿಗೆ ಹೋಗಿ ಕಾಲಿಗೆ ಬಿಸಿನೀರು ಸುರ್ಕೊಳ್ಳೋಳು. ಕೊಬ್ಬರಿ ಎಣ್ಣೆ ತಿಕ್ಕಿ, ಹಳೆ ಸೀರೆ ಹರಿದ ಪಟ್ಟಿಯನ್ನ ಮೊಣಕಾಲ ಕೆಳಗೆ ಬಿಗಿಯಾಗಿ ಸುತ್ತಿಕೊಳ್ಳೋಳು. ರಜೆಗೆ ಅಜ್ಜಿ ಬಂದ್ರೆ ಅವರದೂ ಇದೇ ಕಥೆ. ಅವರು ನನ್ನನ್ನೇ ಕಾಲ ಮೇಲೆ ಹತ್ತಿಸಿ ತುಳಿಸ್ಕೊಳ್ಳೋರು. ನಿಮ್ಮಲ್ಲೂ ಎಷ್ಟೋ ಜನ ಈ ಕೆಲಸ ಮಾಡಿರ್ತೀರಿ, ಸಂಬಳ ಒಂದು ಪೆಪ್ಪರ್‌ಮೆಂಟ್.

ಅಮ್ಮ ಒಬ್ಬ ಡಾಕ್ಟರಿಗೆ ಹೇಳಿಕೊಂಡಾಗ ಸಿಕ್ಕ ಉತ್ತರ, "ಮನಸ್ಸಿಗೆ ಹಚ್ಕೋಬೇಡ್ರಿ ಅಮ್ಮಾ, ಮಲಗೋ ಮುಂಚೆ ದೇವರ ಧ್ಯಾನ ಮಾಡ್ರಿ." ಇನ್ನೊಬ್ಬರು ಕ್ಯಾಲ್ಸಿಯಂ ಬರೆದುಕೊಟ್ರು. ನನಗೆ ಆಗ ತಿಳಿದಿರಲಿಲ್ಲ, ಈ "ಮನಸ್ಸಿಗೆ ಹಚ್ಕೋಬೇಡಿ" ಅನ್ನೋ ಉತ್ತರಕ್ಕೆ ನೂರೈವತ್ತು ವರ್ಷದ ಇತಿಹಾಸ ಇದೆ ಅಂತ. ಇವತ್ತು ಹೇಳೋಕೆ ಹೊರಟಿರೋದು ಅದನ್ನೇ.

ಶುರು ಲಂಡನ್‌ನಿಂದ. ಥಾಮಸ್ ವಿಲ್ಲಿಸ್ ಅನ್ನೋ ವೈದ್ಯ. ಮೆದುಳಿನ ತಳದಲ್ಲಿ ರಕ್ತನಾಳಗಳು ಸೇರಿ ಒಂದು ಬಳೆಯಂಥ ವೃತ್ತ ಆಗುತ್ತಲ್ಲ, ಅದಕ್ಕೆ ಇವತ್ತಿಗೂ ಅವನ ಹೆಸರೇ. 1672ರಲ್ಲಿ ಅವನು ಲ್ಯಾಟಿನ್‌ನಲ್ಲಿ ಬರೆದ ಪುಸ್ತಕದಲ್ಲಿ ಇಂಥ ರೋಗಿಗಳ ವರ್ಣನೆ ಇದೆ. ಮಲಗಲು ಹೋದ ಕೂಡಲೇ ಕೈಕಾಲು ಕುಣಿಯುತ್ತೆ, ಎಷ್ಟು ಅಂದ್ರೆ ಚಿತ್ರಹಿಂಸೆಯ ಜಾಗದಲ್ಲಿ ಮಲಗಿದವರಿಗೆ ಹೇಗೋ ಹಾಗೆ ಇವರಿಗೆ ನಿದ್ದೆಯೇ ಇಲ್ಲ ಅನ್ನೋದು ಅವನ ಮಾತಿನ ಸಾರ. ಅವನು ಕೊಟ್ಟಿದ್ದು ಅಫೀಮು. ನಗಬೇಡಿ, ಬೇರೆ ಯಾವುದಕ್ಕೂ ಬಗ್ಗದ ತೀವ್ರ ಪ್ರಕರಣಗಳಲ್ಲಿ ಅದೇ ಜಾತಿಯ ಔಷಧವನ್ನ ಕಡಿಮೆ ಪ್ರಮಾಣದಲ್ಲಿ, ಬಹಳ ಎಚ್ಚರಿಕೆಯಿಂದ ಈಗಲೂ ಕೊಡ್ತಾರೆ. ಹಂಪಿ 1565ರಲ್ಲಿ ಹಾಳಾಗಿ ನೂರು ವರ್ಷ ದಾಟಿದ್ದ ಕಾಲ ಅದು, ಅಷ್ಟು ಹಳೇ ಮಾತು.

ನನಗೆ ಬಹಳ ಕುತೂಹಲ ಅನ್ನಿಸೋದು ಇದು: ಅದೇ ಲಂಡನ್‌ನಲ್ಲಿ, ಅದೇ ಕಾಲದಲ್ಲಿ ಥಾಮಸ್ ಸಿಡೆನ್‌ಹ್ಯಾಮ್ ಅನ್ನೋ ಇನ್ನೊಬ್ಬ ವೈದ್ಯ ಇದ್ದ. ಬಿಳಿಚಿಕೊಂಡು ಸೊರಗಿದ ಹೆಣ್ಣುಮಕ್ಕಳಿಗೆ ಅವನು ಕಬ್ಬಿಣದ ಅರಪುಡಿಯನ್ನ ದ್ರಾಕ್ಷಾರಸದಲ್ಲಿ ನೆನೆಸಿ ಕುಡಿಸ್ತಿದ್ದ. ಒಬ್ಬನ ಹತ್ತಿರ ಕಾಲಿನ ಕಥೆ, ಇನ್ನೊಬ್ಬನ ಹತ್ತಿರ ಕಬ್ಬಿಣ. ಎರಡನ್ನೂ ಜೋಡಿಸೋಕೆ ಜಗತ್ತಿಗೆ ಮತ್ತೆ ಸುಮಾರು 300 ವರ್ಷ ಹಿಡೀತು.

ನಮ್ಮ ಕಡೆ ನೋಡಿದ್ರೆ? ಚರಕಸಂಹಿತೆಯಲ್ಲಿ ಪಾಂಡುರೋಗದ ಅಧ್ಯಾಯ ಇದೆ, ಮೈ ಬಿಳಿಚಿಕೊಳ್ಳೋ ಕಾಯಿಲೆ, ಇವತ್ತಿನ ರಕ್ತಹೀನತೆಗೆ ಹತ್ತಿರದ್ದು. ಅದರ ಲಕ್ಷಣಗಳ ಪಟ್ಟಿಯಲ್ಲಿ ಮೀನಖಂಡ ಹಿಂಡಿದಂತಾಗೋದು, ಸೊಂಟ ತೊಡೆ ಪಾದಗಳ ನೋವು ಸೇರಿವೆ. ಮದ್ದಿನ ಪಟ್ಟಿಯಲ್ಲಿ ಕಬ್ಬಿಣದ ಪುಡಿ ಇರೋ ನವಾಯಸ ಚೂರ್ಣ ಇದೆ, ಮಂಡೂರ ಇದೆ. ಮಂಡೂರ ಅಂದ್ರೆ ಕಬ್ಬಿಣದ ಕಿಟ್ಟ, ಅದಿರು ಕಾಯಿಸಿ ಕಬ್ಬಿಣ ತೆಗೆದಾಗ ಉಳಿಯೋದು. ಸಂಡೂರಿನ ಬೆಟ್ಟಗಳ ಸುತ್ತ ಗಣಿ ಕಂಪನಿಗಳು ಬರೋ ಎಷ್ಟೋ ಮೊದಲೇ ಕುಲುಮೆ ಊದಿ ಕಬ್ಬಿಣ ತೆಗೀತಿದ್ದರು, ಕಿಟ್ಟಕ್ಕೆ ಬರ ಇರಲಿಲ್ಲ. ಹಾಗಂತ ಚರಕನಿಗೆ ಎಲ್ಲ ಗೊತ್ತಿತ್ತು ಅಂತ ವಾಟ್ಸಾಪ್ ಫಾರ್ವರ್ಡ್ ಮಾಡಬೇಡಿ. ಅದೇ ಅಧ್ಯಾಯದಲ್ಲಿ ಪಾಂಡುರೋಗಿ ನಿದ್ದೆಗುಳಿ ಅಂತಾನೂ ಇದೆ. ರಾತ್ರಿಯೆಲ್ಲ ಓಡಾಡೋ ಕಾಲಿನ ವಿವರ ಅಲ್ಲಿಲ್ಲ. ಬಿಳಿಚಿದ ಮೈ, ಕಾಲಿನ ಸಂಕಟ, ಕಬ್ಬಿಣ, ಈ ಮೂರೂ ಒಂದೇ ಅಧ್ಯಾಯದಲ್ಲಿವೆ, ಅಷ್ಟು ಹೇಳಬಹುದು.

ಮುಂದೆ 1861. ಜರ್ಮನಿಯ ಥಿಯೋಡರ್ ವಿಟ್‌ಮಾಕ್ ಈ ತೊಂದರೆಗೆ ಲ್ಯಾಟಿನ್‌ನಲ್ಲಿ "ಮೊಣಕಾಲ ಕೆಳಗಿನ ಆತಂಕ" ಅನ್ನೋ ಅರ್ಥದ ಹೆಸರು ಕೊಟ್ಟು, ಹಿಸ್ಟೀರಿಯಾದ ಜೊತೆಗೆ ಕಟ್ಟಿಬಿಟ್ಟ. ಆಗಿನ ಯುರೋಪಿನಲ್ಲಿ ಹೆಂಗಸರ ಯಾವ ದೂರಿಗೂ ಹಿಸ್ಟೀರಿಯಾ ಅನ್ನೋ ಚೀಟಿ ಅಂಟಿಸೋದು ರೂಢಿ. ಕಾಲಿನಲ್ಲಿದ್ದ ತೊಂದರೆ ಹೀಗೆ ಮನಸ್ಸಿಗೆ ವರ್ಗಾವಣೆ ಆಯ್ತು. ದೋಣಿಮಲೈನ ನನ್ನ ಅಮ್ಮನಿಗೆ ಸಿಕ್ಕ ಧ್ಯಾನದ ಸಲಹೆ ಎಲ್ಲಿಂದ ಬಂತು ಅಂತ ಹುಡುಕಿದ್ರೆ ನನ್ನ ಪ್ರಕಾರ ಈ ದಾರಿ ಸಿಗುತ್ತೆ.

ಅದನ್ನ ವಾಪಸ್ ಕಾಲಿಗೆ ತಂದವನು ಸ್ವೀಡನ್‌ನ ನರರೋಗ ತಜ್ಞ ಕಾರ್ಲ್-ಆಕ್ಸೆಲ್ ಎಕ್ಬೊಮ್. 1945ರಲ್ಲಿ ಅವನು ಈ ಒಂದೇ ವಿಷಯದ ಮೇಲೆ ಪುಸ್ತಕ ತಂದ. ಮಾಡಿದ ಕೆಲಸ ಸರಳ: ರೋಗಿಗಳು ಹೇಳಿದ್ದನ್ನ ಕೂತು ಕೇಳಿದ, ಹಾಗೇ ಬರೆದುಕೊಂಡ. ಆರೋಗ್ಯವಾಗಿದ್ದೀವಿ ಅನ್ನೋರನ್ನೂ ವಿಚಾರಿಸಿದ. ಸುಮಾರು 20 ಜನರಲ್ಲಿ ಒಬ್ಬರಿಗೆ ಇದೆ ಅಂತ ಕಂಡುಬಂತು. ಒಂದೇ ಮನೆತನದಲ್ಲಿ ಸಾಲಾಗಿ ಬರುತ್ತೆ, ಬಸುರಿಯರಲ್ಲಿ ಹೆಚ್ಚು, ರಕ್ತ ಕಡಿಮೆ ಇರೋರಲ್ಲಿ ಹೆಚ್ಚು, ಮುಂದೆ ಪದೇಪದೇ ರಕ್ತದಾನ ಮಾಡೋರಲ್ಲೂ ನೋಡಿದ. ಅಜ್ಜಿ, ಅಮ್ಮ ಇಬ್ಬರಿಗೂ ಯಾಕೆ ಅನ್ನೋ ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಇನ್ನರ್ಧ 1953ರಲ್ಲಿ. ಸಂಡೂರು ಸಂಸ್ಥಾನ 1949ರಲ್ಲೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜೊತೆ ನಾವು ಮೈಸೂರು ರಾಜ್ಯಕ್ಕೆ ಬಂದ್ವಿ. ಅದೇ ವರ್ಷ ಸ್ವೀಡನ್‌ನಲ್ಲಿ ನಾರ್ಡ್‌ಲ್ಯಾಂಡರ್ ಅನ್ನೋ ವೈದ್ಯ ಒಂದು ಪುಟ್ಟ ಲೇಖನ ಬರೆದ. ಚಡಪಡಿಸುವ ಕಾಲಿನವರಿಗೆ ನರದ ಮೂಲಕ ಕಬ್ಬಿಣ ಕೊಟ್ಟೆ, ಬಹುತೇಕ ಎಲ್ಲರಿಗೂ ಗುಣ ಕಾಣಿಸಿತು ಅಂತ. ಜೊತೆಗೆ ಇನ್ನೊಂದು ಮಾತು ಹೇಳಿದ, ಅದು ಚಿನ್ನದಂಥ ಮಾತು: ರಕ್ತ ಪರೀಕ್ಷೆಯಲ್ಲಿ ಕಬ್ಬಿಣ ಸರಿ ಇದ್ದರೂ ದೇಹದ ಒಳ ಅಂಗಾಂಶಗಳಲ್ಲಿ ಕೊರತೆ ಇರಬಹುದು.

ನಮ್ಮ ಮೈಯಲ್ಲಿರೋ ಒಟ್ಟು ಕಬ್ಬಿಣ ಎಷ್ಟು ಗೊತ್ತಾ? 3ರಿಂದ 4 ಗ್ರಾಂ. ಒಂದು ಮೊಳೆಯಷ್ಟು. ನಮ್ಮೂರಿಂದ ಹೊರಡೋ ಒಂದೊಂದು ಅದಿರಿನ ರೈಲಲ್ಲೂ ಸಾವಿರಾರು ಟನ್. ಅಮ್ಮನ ರಾತ್ರಿಗಳನ್ನ ಕೆಡಿಸ್ತಿದ್ದದ್ದು ಗ್ರಾಂ ಲೆಕ್ಕದ ಕೊರತೆ.

ಸರಿ, 1953ರಲ್ಲೇ ಉತ್ತರ ಸಿಕ್ಕಿತ್ತಲ್ಲ, ಆಮೇಲೆ ಏನಾಯ್ತು? ಮರೆತ್ರು. ಆಗಿನ ಕಬ್ಬಿಣದ ಇಂಜೆಕ್ಷನ್‌ಗಳಿಂದ ಕೆಲವರಿಗೆ ಜೀವಕ್ಕೇ ಅಪಾಯ ಆಗೋಷ್ಟು ಅಲರ್ಜಿ ಆಗ್ತಿತ್ತು, ವೈದ್ಯರಿಗೆ ಹೆದರಿಕೆ ಇತ್ತು. ಅಷ್ಟರಲ್ಲಿ ಇನ್ನೊಂದು ಸುಲಭದ ದಾರಿ ಸಿಕ್ತು. 1982ರಲ್ಲಿ ಟರ್ಕಿಯ ಶೆವ್ಕೆತ್ ಅಕ್‌ಪಿನಾರ್, ಪಾರ್ಕಿನ್ಸನ್ ಕಾಯಿಲೆಗೆ ಕೊಡೋ ಲೆವೊಡೋಪಾ ಮಾತ್ರೆಯಿಂದ ಈ ಕಾಲುಗಳೂ ಸುಮ್ಮನಾಗ್ತವೆ ಅಂತ ವರದಿ ಮಾಡಿದ. ಮೊದಲ ರಾತ್ರಿಯಿಂದಲೇ ನಿದ್ದೆ! ಅದೇ ದಾರಿಯಲ್ಲಿ ರೋಪಿನಿರೋಲ್, ಪ್ರಾಮಿಪೆಕ್ಸೋಲ್ ಅನ್ನೋ ಮಾತ್ರೆಗಳು ಬಂದವು. ಅಮೆರಿಕದಲ್ಲಿ 2005 ಮತ್ತು 2006ರಲ್ಲಿ ಇವಕ್ಕೆ ಇದೇ ಕಾಯಿಲೆಗಾಗಿ ಅನುಮತಿ ಸಿಕ್ತು, ಟಿವಿ ಜಾಹೀರಾತುಗಳ ಮಳೆ ಸುರೀತು. 2006ರಲ್ಲಿ ವೊಲೊಶಿನ್ ಮತ್ತು ಶ್ವಾರ್ಟ್ಸ್ ಅನ್ನೋ ಇಬ್ಬರು ಸಂಶೋಧಕರು, ಮಾತ್ರೆ ಮಾರೋದಕ್ಕಾಗಿ ಈ ಕಾಯಿಲೆಯನ್ನ ಹಿಗ್ಗಿಸಿ ತೋರಿಸಲಾಗ್ತಿದೆ, ಮಾಧ್ಯಮಗಳು ಅದಕ್ಕೆ ತಾಳ ಹಾಕ್ತಿವೆ ಅಂತ ಟೀಕೆ ಬರೆದ್ರು. ಟೀಕೆಯಲ್ಲಿ ಹುರುಳಿತ್ತು. ಆದ್ರೆ ಅದರ ಪೆಟ್ಟು ಬಿದ್ದಿದ್ದು ನಿಜವಾಗಿ ನರಳ್ತಿದ್ದವರಿಗೆ. "ಕಂಪನಿಯವರು ಹುಟ್ಟಿಸಿದ ಕಾಯಿಲೆ" ಅನ್ನೋ ಹೊಸ ಅನುಮಾನ ಹಳೇ ಹಿಸ್ಟೀರಿಯಾದ ಜಾಗಕ್ಕೆ ಬಂದು ಕೂತಿತು.

ಮಾತ್ರೆಗಳಲ್ಲೂ ಒಂದು ಕೊಕ್ಕೆ ಇತ್ತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ರಿಚರ್ಡ್ ಅಲೆನ್ ಮತ್ತು ಕ್ರಿಸ್ಟೋಫರ್ ಅರ್ಲಿ 1996ರಲ್ಲೇ ಎಚ್ಚರಿಸಿದ್ರು: ಲೆವೊಡೋಪಾ ತಗೊಳ್ತಾ ಹೋದ ಹಾಗೆ ಎಷ್ಟೋ ಜನರಲ್ಲಿ ಕಾಯಿಲೆಯೇ ಬಲಿಯುತ್ತೆ. ರಾತ್ರಿ ಹತ್ತಕ್ಕೆ ಬರ್ತಿದ್ದ ಚಡಪಡಿಕೆ ಸಂಜೆ ಐದಕ್ಕೇ ಬರುತ್ತೆ, ಕಾಲಿಂದ ಕೈಗೂ ಹಬ್ಬುತ್ತೆ. ಡೋಸ್ ಏರಿಸಿದ್ರೆ ಇನ್ನೂ ಏರುತ್ತೆ. ಆಮೇಲೆ ಬಂದ ಮಾತ್ರೆಗಳಲ್ಲೂ ಇದೇ ಕಾಟ ಕಾಣಿಸ್ತು. ಕೆಲವರಿಗೆ ಜೂಜು, ವಿಪರೀತ ಖರೀದಿಯ ಚಟ ಹತ್ತಿದ್ದೂ ಉಂಟು.

ಆಗ ಸಂಶೋಧಕರು ಮತ್ತೆ ನಾರ್ಡ್‌ಲ್ಯಾಂಡರ್ ಕಡೆ ತಿರುಗಿದ್ರು. 2000ದಲ್ಲಿ ಬೆನ್ನುಹುರಿಯ ದ್ರವ ತೆಗೆದು ನೋಡಿದಾಗ, ಅದರಲ್ಲಿ ಫೆರಿಟಿನ್, ಅಂದ್ರೆ ಕಬ್ಬಿಣವನ್ನ ಕೂಡಿಡೋ ಪ್ರೋಟೀನ್, ಕಡಿಮೆ ಇತ್ತು. ಆ ರೋಗಿಗಳ ರಕ್ತದಲ್ಲಿ ಮಾತ್ರ ಅಂಥ ವ್ಯತ್ಯಾಸ ಇರಲಿಲ್ಲ. 2003ರಲ್ಲಿ ಜೇಮ್ಸ್ ಕಾನರ್ ತಂಡ, ಈ ತೊಂದರೆ ಇದ್ದು ತೀರಿಕೊಂಡ 7 ಜನರ ಮೆದುಳನ್ನ ಪರೀಕ್ಷೆ ಮಾಡ್ತು. ಮೆದುಳಿನ ಜೀವಕೋಶಗಳು ನಾಶ ಆಗಿರಲಿಲ್ಲ, ಪಾರ್ಕಿನ್ಸನ್‌ನಲ್ಲಿ ಆಗೋ ಹಾಗೆ ಅಲ್ಲ. ಕಬ್ಬಿಣ ಮಾತ್ರ ಕಡಿಮೆ ಇತ್ತು. ಡೋಪಮಿನ್ ತಯಾರಾಗೋಕೆ ಬೇಕಾದ ಕಿಣ್ವಕ್ಕೆ ಕಬ್ಬಿಣ ಬೇಕು. ರಕ್ತದಲ್ಲಿ ಓಡಾಡೋ ಕಬ್ಬಿಣದ ಮಟ್ಟ ರಾತ್ರಿ ಹೊತ್ತು ಇಳಿಯುತ್ತೆ. ಇರುವೆಗಳು ಕತ್ತಲಾದ ಮೇಲೇ ಯಾಕೆ ಹೊರಡ್ತವೆ ಅನ್ನೋದಕ್ಕೆ ಇದೂ ಒಂದು ಸುಳಿವು. ಐಸ್‌ಲ್ಯಾಂಡ್‌ನವರು 2007ರಲ್ಲಿ ಕಂಡುಹಿಡಿದ ಒಂದು ಜೀನ್ ಕೂಡ ಕಾಲಿನ ಚಡಪಡಿಕೆಯನ್ನೂ ಕಡಿಮೆ ಫೆರಿಟಿನ್ ಅನ್ನೂ ಒಟ್ಟಿಗೆ ತರುತ್ತೆ.

ಕೊನೆಗೆ 2025ರ ಆರಂಭದಲ್ಲಿ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಹೊಸ ಮಾರ್ಗಸೂಚಿ ಪ್ರಕಟಿಸ್ತು. ಮೊದಲು ಕಬ್ಬಿಣದ ಪರೀಕ್ಷೆ ಮಾಡಿ. ದೊಡ್ಡವರಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ರೆ ಕಬ್ಬಿಣ ಕೊಡೋ ಯೋಚನೆ ಮಾಡಿ. ಬೇಕಾದವರಿಗೆ ಈಗಿನ ಸುರಕ್ಷಿತ ಕಬ್ಬಿಣದ ಡ್ರಿಪ್ ಇದೆ, ಗ್ಯಾಬಾಪೆಂಟಿನ್ ಜಾತಿಯ ಮಾತ್ರೆ ಇದೆ. ರೋಪಿನಿರೋಲ್, ಪ್ರಾಮಿಪೆಕ್ಸೋಲ್‌ಗಳನ್ನ ಮಾಮೂಲಿಯಾಗಿ ಬರೆಯೋದು ಬೇಡ. 1953ಕ್ಕೂ 2025ಕ್ಕೂ ನಡುವೆ 72 ವರ್ಷ.

75 ಅನ್ನೋ ಸಂಖ್ಯೆ ಸ್ವಲ್ಪ ಗಮನಿಸಿ. ನಮ್ಮ ಲ್ಯಾಬ್ ರಿಪೋರ್ಟ್‌ಗಳಲ್ಲಿ ಫೆರಿಟಿನ್ 15, 20 ಇದ್ರೂ "ನಾರ್ಮಲ್" ಅಂತ ಅಚ್ಚಾಗಿರುತ್ತೆ. ಹಿಮೋಗ್ಲೋಬಿನ್ 12 ಇದ್ರೆ "ರಕ್ತ ಚೆನ್ನಾಗಿದೆ" ಅಂತ ಕಳಿಸಿಬಿಡ್ತಾರೆ. ಹಿಮೋಗ್ಲೋಬಿನ್ ಅನ್ನೋದು ಕೈಯಲ್ಲಿರೋ ಚಿಲ್ಲರೆ, ಫೆರಿಟಿನ್ ಅನ್ನೋದು ಗಂಟು. ಚಿಲ್ಲರೆ ಇದೆ ಅಂತ ಗಂಟೂ ಇದೆ ಅನ್ನೋಕಾಗಲ್ಲ. ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರಿ ತೋರಿಸೋದೂ ಉಂಟು, ಹಾಗಾಗಿ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಅನ್ನೋ ಇನ್ನೊಂದು ಪರೀಕ್ಷೆಯನ್ನೂ ಜೊತೆಗೆ ನೋಡ್ತಾರೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಅಲ್ಲಿ ಅಳೆದಿದ್ದು ಹಿಮೋಗ್ಲೋಬಿನ್. ಗಂಟು ಖಾಲಿ ಇದ್ದೂ ಚಿಲ್ಲರೆ ಇರೋರು ಆ ಲೆಕ್ಕಕ್ಕೇ ಬರಲ್ಲ.

2007ರಲ್ಲಿ ಪ್ರಕಟವಾದ ಬೆಂಗಳೂರಿನ ಒಂದು ಅಧ್ಯಯನ, ಚಡಪಡಿಸುವ ಕಾಲು ನೂರಕ್ಕೆ ಸುಮಾರು 2 ಜನರಿಗೆ ಇದೆ ಅಂತ ಅಂದಾಜು ಮಾಡಿತ್ತು. ಯುರೋಪಿಗಿಂತ ಕಡಿಮೆ. ಇರಬಹುದು. ಆದ್ರೆ ಇದನ್ನ ಹೇಳೋಕೆ ಒಂದು ಹೆಸರೇ ಇಲ್ಲದ ಕಡೆ, ಹೇಳಿದ್ರೆ ಲಕ್ಷ್ಮಿ ಹೋಗ್ತಾಳೆ ಅನ್ನೋ ಕಡೆ, ಎಷ್ಟು ಜನ ಬಾಯಿ ಬಿಟ್ಟಾರು ಅಂತ ನನಗೆ ಅನುಮಾನ.

ಅಮ್ಮನಿಗೆ ಕಡೆಗೂ ಫೆರಿಟಿನ್ ಪರೀಕ್ಷೆ ಮಾಡಿಸಿದಾಗ ಬಂದಿದ್ದು 11. ಹಿಮೋಗ್ಲೋಬಿನ್ ಅಂಥ ಕೆಟ್ಟದಿರಲಿಲ್ಲ. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ರು, ದಿನ ಬಿಟ್ಟು ದಿನ. ದಿನಾ ನುಂಗೋದಕ್ಕಿಂತ ಹಾಗೆ ತಗೊಂಡಾಗ ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ದೇಹಕ್ಕೆ ಸೇರುತ್ತೆ ಅಂತ ಈಚಿನ ಅಧ್ಯಯನಗಳಿವೆ, ಹೊಟ್ಟೆ ಕಾಟವೂ ಕಡಿಮೆ. ಮಾತ್ರೆ ಜೊತೆ ನಿಂಬೆಹಣ್ಣಿನ ನೀರು. ಊಟ ಆದ ಕೂಡಲೇ ಕುಡೀತಿದ್ದ ಚಹಾ ಒಂದೆರಡು ಗಂಟೆ ಮುಂದಕ್ಕೆ ಹೋಯ್ತು, ಯಾಕಂದ್ರೆ ಚಹಾ ಕಬ್ಬಿಣವನ್ನ ಹೀರಿಕೊಳ್ಳೋಕೆ ಬಿಡಲ್ಲ. ಅಮ್ಮನಿಗೆ ಮಾತ್ರೆಗಿಂತ ಕಷ್ಟ ಆಗಿದ್ದು ಅದೇ. ನೆಗಡಿ ಬಂದಾಗ ಅಂಗಡಿಯಿಂದ ತಂದು ನುಂಗ್ತಿದ್ದ ನಿದ್ದೆ ಬರಿಸೋ ಅಲರ್ಜಿ ಮಾತ್ರೆಯನ್ನೂ ಬಿಡಿಸಿದ್ರು. ಅವು ಈ ಚಡಪಡಿಕೆಯನ್ನ ಕೆರಳಿಸ್ತವೆ. ಕೆಲವು ವಾಂತಿ ನಿಲ್ಲಿಸೋ ಮಾತ್ರೆ, ಕೆಲವು ಖಿನ್ನತೆಯ ಮಾತ್ರೆಗಳೂ ಹಾಗೇ. ಆದ್ರೆ ಡಾಕ್ಟರನ್ನ ಕೇಳದೆ ಅವನ್ನ ನಿಲ್ಲಿಸಬೇಡಿ. ಪರೀಕ್ಷೆ ಇಲ್ಲದೆ ಕಬ್ಬಿಣ ನುಂಗೋದೂ ಬೇಡ, ಹೆಚ್ಚಾದ ಕಬ್ಬಿಣ ಈಲಿಯನ್ನ, ಹೃದಯವನ್ನ ಹಾಳು ಮಾಡುತ್ತೆ. ಮೂತ್ರಪಿಂಡದ ತೊಂದರೆ ಇರೋರಿಗೆ, ಬಸುರಿಯರಿಗೆ ಲೆಕ್ಕವೇ ಬೇರೆ. ಬಸುರಿಯರಲ್ಲಿ ಬಹುಪಾಲು ಜನಕ್ಕೆ ಹೆರಿಗೆ ಆದ ಮೇಲೆ ಇದು ತಾನೇ ಇಳಿಯುತ್ತೆ.

ಮೂರು ತಿಂಗಳ ಮೇಲೆ ಅಮ್ಮನ ಓಡಾಟ ವಾರಕ್ಕೆ ಒಂದೆರಡು ರಾತ್ರಿಗೆ ಇಳೀತು. ಪೂರ್ತಿ ಹೋಗಿಲ್ಲ. ಆ ಒಂದೆರಡು ರಾತ್ರಿ ಈಗಲೂ ಬಿಸಿನೀರು, ಎಣ್ಣೆ, ಸೀರೆ ಪಟ್ಟಿ. ಅಂದಹಾಗೆ, ಆ ಪಟ್ಟಿಯನ್ನ ನೋಡಿ ನಾನು ಬಹಳ ನಗ್ತಿದ್ದೆ. 2009ರಲ್ಲಿ ಅಮೆರಿಕದ ಇಬ್ಬರು ವೈದ್ಯರು, ಮೀನಖಂಡಕ್ಕೆ ಗಾಳಿ ತುಂಬೋ ಪಟ್ಟಿ ಸುತ್ತಿ, ಬಿಗಿ ಮಾಡಿ, ಸಡಿಲ ಮಾಡಿ ಒಂದು ಸಣ್ಣ ಪ್ರಯೋಗ ಮಾಡಿದ್ರು. ಹೋಲಿಸಿ ನೋಡೋಕೆ ಇನ್ನೊಂದು ಗುಂಪಿಗೆ ಸುಳ್ಳು ಪಟ್ಟಿ ಕಟ್ಟಿದ್ರು. ನಿಜವಾದ ಪಟ್ಟಿ ಕಟ್ಟಿಕೊಂಡವರಿಗೆ ಆರಾಮ ಸಿಕ್ಕಿತ್ತು. ಅಮ್ಮನಿಗೆ ಇದನ್ನ ಹೇಳಿದಾಗ ಅವಳು ಕೇಳಿದ್ದು ಒಂದೇ: "ಅವರು ಎಣ್ಣಿ ಹಚ್ಚಿದ್ರೇನು?"